ರಿಚರ್ಡ್ ಪ್ರೈಸ್ ಅವರ ಸಾಲದ ಲೆಕ್ಕವನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಖಜಾನೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದು ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸವೆಂದರೆ ಪಾದ್ರಿ ರಿಚರ್ಡ್ ಪ್ರೈಸ್ ಅವರ ಬರಹಗಳ ಆಯ್ದ ಭಾಗಗಳನ್ನು ಕನ್ನಡಕ್ಕೆ ತರುವುದು. ಪ್ರೈಸ್ ಹುಟ್ಟಿದ್ದು 1723ರಲ್ಲಿ, ವೇಲ್ಸ್‌ನಲ್ಲಿ. ಆದರೆ ಅವರ ಬಾಳು ಸಾಗಿದ್ದು ಇಂಗ್ಲೆಂಡಿನಲ್ಲಿಯೇ. 1758ರಿಂದ ಅವರು ಲಂಡನ್ನಿನ ಹೊರವಲಯದಲ್ಲಿದ್ದ ನ್ಯೂಯಿಂಗ್ಟನ್ ಗ್ರೀನ್ ಎಂಬಲ್ಲಿ ಸಭಾಪಾಲಕರಾಗಿದ್ದರು. ಅದು ರಾಜಮನ್ನಣೆಯ ಆಂಗ್ಲಿಕನ್ ಸಭೆಗೆ ಸೇರದವರ ಚಿಕ್ಕ ಸಭೆ. ಅಂಥ ಸಭೆಗಳವರಿಗೆ ಸರ್ಕಾರಿ ಹುದ್ದೆಗಳು ಕಾನೂನಿನ ಪ್ರಕಾರ ನಿಷಿದ್ಧವಾಗಿದ್ದವು. ಹೀಗೆ ಆಡಳಿತದ ಹೊಸ್ತಿಲಾಚೆ ನಿಂತಿದ್ದ ಒಬ್ಬ ಪಾದ್ರಿ ತನ್ನ ದೇಶದ ಸಾಲದ ಬಗ್ಗೆ ಬರೆದದ್ದನ್ನು ಪ್ರಧಾನಮಂತ್ರಿಯೇ ಓದಿ ಸಲಹೆ ಕೇಳಿದರೆಂಬ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು.

ಆರಂಭದಲ್ಲಿ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಧರ್ಮದ ಬರಹಗಳು ನನ್ನ ಪರಿಧಿಯವಲ್ಲ ಎಂದುಕೊಂಡು ಅವನ್ನು ಬದಿಗಿಟ್ಟು, ಹಣಕಾಸಿನ ಬರಹಗಳನ್ನು ಮಾತ್ರ ಎತ್ತಿಕೊಂಡೆ. ರಾಷ್ಟ್ರೀಯ ಸಾಲದ ಕುರಿತು ಸಾರ್ವಜನಿಕರಿಗೆ ಮಾಡಿಕೊಂಡ ಮನವಿಯೆಂದು ಅವರು 1772ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಿಂದ ಅನುವಾದ ಶುರುವಾಯಿತು. ಕೆಲವೇ ಪುಟಗಳಲ್ಲಿ ಒಂದು ಪದ ನನ್ನನ್ನು ತಡೆಯಿತು. ಸಾಲವನ್ನು ತೀರಿಸುವುದಕ್ಕೆ ಅವರು ಬಳಸುವ ‘ರಿಡೀಮ್’ ಎಂಬ ಇಂಗ್ಲಿಷ್ ಪದವೇ ಕ್ರಿಸ್ತನು ಮನುಷ್ಯರನ್ನು ಬಿಡಿಸಿದನೆಂದು ಹೇಳುವಾಗಲೂ ಬರುವ ಪದ. ಕಚೇರಿಯ ರೂಢಿಯಂತೆ ‘ಮರುಪಾವತಿ’ ಎಂದು ಬರೆದರೆ ಅರ್ಥಕ್ಕೆ ಕೊರತೆಯಿರಲಿಲ್ಲ, ಆದರೆ ಬರೆದವರು ಪಾದ್ರಿ ಎಂಬುದೇ ಅಳಿಸಿಹೋಗುತ್ತಿತ್ತು. ಪರಿಚಯದ ಸಭಾಪಾಲಕರೊಬ್ಬರನ್ನು ಕೇಳಿದೆ. ಅವರು ಕನ್ನಡ ಬೈಬಲ್ ತೆರೆದು ‘ವಿಮೋಚನೆ’ ಎಂಬ ಪದವನ್ನು ತೋರಿಸಿದರು. “ಸರ್, ನಿಮ್ಮಲ್ಲೂ ಋಣವಿಮೋಚನ ಅಂತಾರಲ್ಲ, ಎರಡೂ ಕಡೆ ಒಪ್ಪುತ್ತೆ ನೋಡಿ,” ಎಂದರು. ಋಣವಿಮೋಚನೆ ಎಂಬ ಪದ ಅಂದು ನಿಂತಿತು. ನಮ್ಮ ಭಾಷೆಯಲ್ಲಿ ಋಣವೆಂದರೆ ಪಿತೃಋಣವೂ ಹೌದು, ಅಂಗಡಿಯ ಬಾಕಿಯೂ ಹೌದು. ಪ್ರೈಸ್ ಅವರನ್ನು ಅನುವಾದಿಸಲು ಇಷ್ಟು ಅನುಕೂಲವಾದ ಪದ ಇಂಗ್ಲಿಷಿನಲ್ಲಿಯೂ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಆ ಮಾತುಕತೆಯ ನಂತರ ಬದಿಗಿಟ್ಟಿದ್ದ ಧರ್ಮದ ಬರಹಗಳನ್ನು ಮತ್ತೆ ಎತ್ತಿಕೊಂಡೆ. ನೀತಿಯ ಮುಖ್ಯ ಪ್ರಶ್ನೆಗಳನ್ನು ಕುರಿತು 1758ರಲ್ಲಿ ಬಂದ ಅವರ ಗ್ರಂಥದಲ್ಲಿ, ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಸತ್ಯ ನುಡಿಯುವುದರ ಒಂದು ಕವಲು ಎಂಬ ವಾದವಿದೆ. ಮುಂದೆ ಹೀಗೆ ಮಾಡುತ್ತೇನೆಂದು ಹೇಳಿದವನು ಮಾಡದೆ ಹೋದರೆ, ಅವನು ಆಡಿದ ಮಾತನ್ನು ತಾನೇ ಸುಳ್ಳು ಮಾಡಿದಂತೆ. ಇದನ್ನು ಓದಿದ ಮೇಲೆ ಸಾಲದ ಹೊತ್ತಗೆಯ ಬಿಸಿ ಎಲ್ಲಿಂದ ಬಂತೆಂದು ಸ್ಪಷ್ಟವಾಯಿತು. ಬ್ರಿಟನ್ನಿನಲ್ಲಿ 1717ರಲ್ಲಿ ಒಂದು ಸಿಂಕಿಂಗ್ ಫಂಡ್ ಸ್ಥಾಪನೆಯಾಗಿತ್ತು. ಅದನ್ನು ನಾನು ‘ಸಾಲ ತೀರುವಳಿ ನಿಧಿ’ ಎಂದು ಕರೆದಿದ್ದೇನೆ. ಸಾಲ ತೀರಿಸುವುದಕ್ಕೆಂದೇ ಮೀಸಲಾಗಿದ್ದ ಆ ಹಣದಿಂದ 1733ರಲ್ಲಿ ಐದು ಲಕ್ಷ ಪೌಂಡನ್ನು ಆ ವರ್ಷದ ಸಾಮಾನ್ಯ ಖರ್ಚಿಗೆ ತೆಗೆದರು, ಮುಂದೆ ಅದೇ ಅಭ್ಯಾಸವಾಯಿತು. ಒಂದು ಲೆಕ್ಕಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಹಾಕುವುದನ್ನು ನಾನು ವೃತ್ತಿಯಲ್ಲಿ ಆಕ್ಷೇಪಣೆಯ ವಿಷಯವಾಗಿ ಮಾತ್ರ ನೋಡಿದವನು. ಪ್ರೈಸ್ ಅವರಿಗೆ ಅದು ವಚನಭಂಗ, ಆದ್ದರಿಂದ ಅಸತ್ಯ. ಈ ಎಳೆ ಕೈಗೆ ಸಿಕ್ಕ ಮೇಲೆ ನಾನು ಆ ಹೊತ್ತಗೆಯ ಅನುವಾದವನ್ನು ಮೊದಲಿನಿಂದ ಮತ್ತೆ ಬರೆದೆ.

ವಿಧವೆಯರ ವಿಷಯದಲ್ಲಿಯೂ ಇದೇ ಎಳೆ ಕಾಣುತ್ತದೆ. ಆ ಕಾಲದ ಲಂಡನ್ನಿನಲ್ಲಿ, ಗಂಡ ಬದುಕಿರುವಾಗ ಚಂದಾ ಕಟ್ಟಿದರೆ ಅವನು ತೀರಿದ ಮೇಲೆ ಹೆಂಡತಿಗೆ ವರ್ಷಾಶನ ಕೊಡುತ್ತೇವೆಂದು ಹೇಳುವ ಸಂಘಗಳು ಹುಟ್ಟಿಕೊಂಡಿದ್ದವು. ಕಟ್ಟಿಸಿಕೊಳ್ಳುವ ಚಂದಾ ಕಡಿಮೆ, ಕೊಡುವ ಭರವಸೆ ದೊಡ್ಡದು. ಮೊದಮೊದಲು ಕಟ್ಟುವವರೇ ಹೆಚ್ಚಾಗಿರುವುದರಿಂದ ಪೆಟ್ಟಿಗೆ ತುಂಬಿರುತ್ತದೆ, ಪಡೆಯುವವರು ಹೆಚ್ಚುವ ಹೊತ್ತಿಗೆ ಅದು ಬರಿದಾಗುತ್ತದೆ ಎಂಬುದನ್ನು ಪ್ರೈಸ್ 1771ರ ತಮ್ಮ ಗ್ರಂಥದಲ್ಲಿ ಕೋಷ್ಟಕಗಳ ಸಮೇತ ತೋರಿಸಿದರು. ಇದಕ್ಕೆ ನಾಲ್ಕು ವರ್ಷ ಮೊದಲು, 1767ರಲ್ಲಿ, ಸಜ್ಜನರು ಸಾವಿನ ನಂತರ ಮತ್ತೆ ಒಬ್ಬರನ್ನೊಬ್ಬರು ಕಾಣುವರೆಂಬ ನಿರೀಕ್ಷೆಯ ಬಗ್ಗೆ ಅವರು ಒಂದು ದೀರ್ಘ ಪ್ರಬಂಧ ಬರೆದಿದ್ದರು. ಗಂಡನನ್ನು ಕಳೆದುಕೊಂಡವಳಿಗೆ ಪ್ರಬಂಧದಲ್ಲಿ ಸಾಂತ್ವನ ಹೇಳಿದ ವ್ಯಕ್ತಿಯೇ ಅವಳ ಮುಂದಿನ ಊಟದ ಲೆಕ್ಕ ಸರಿಯಿದೆಯೇ ಎಂದು ಕೋಷ್ಟಕದಲ್ಲಿ ನೋಡುತ್ತಾರೆ. ನನ್ನ ಸಂಕಲನದಲ್ಲಿ ಈ ಎರಡು ಭಾಗಗಳನ್ನು ಬೇಕೆಂದೇ ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ.

ಇನ್ನು ಪ್ರಸಿದ್ಧವಾದ ಪೆನ್ನಿಯ ಮಾತು. ಕ್ರಿಸ್ತನು ಹುಟ್ಟಿದ ವರ್ಷ ಒಂದು ಪೆನ್ನಿಯನ್ನು ಶೇಕಡಾ 5ರ ಚಕ್ರಬಡ್ಡಿಗೆ ಇಟ್ಟಿದ್ದರೆ ಅದು ಇಷ್ಟರಲ್ಲಿ ಗಟ್ಟಿ ಚಿನ್ನದ ಹದಿನೈದು ಕೋಟಿ ಭೂಗೋಳಗಳಿಗಿಂತ ಹೆಚ್ಚಾಗುತ್ತಿತ್ತು, ಸರಳ ಬಡ್ಡಿಗೆ ಇಟ್ಟಿದ್ದರೆ ಬರೀ 7 ಷಿಲ್ಲಿಂಗ್ ನಾಲ್ಕೂವರೆ ಪೆನ್ನಿ ಆಗುತ್ತಿತ್ತು ಎಂದು ಅವರು ಬರೆಯುತ್ತಾರೆ. ಅಂಕಿಯನ್ನು ತಾಳೆ ನೋಡದೆ ಸಹಿ ಹಾಕದ ಅಭ್ಯಾಸ ನನ್ನದು, ಆದ್ದರಿಂದ ಎರಡನ್ನೂ ಕೂತು ಲೆಕ್ಕ ಹಾಕಿದೆ. ಷಿಲ್ಲಿಂಗಿಗೆ 12 ಪೆನ್ನಿಯಂತೆ ಅವರ ಮೊತ್ತ ಎಂಬತ್ತೆಂಟೂವರೆ ಪೆನ್ನಿಯಾಗುತ್ತದೆ. ವರ್ಷಕ್ಕೆ ಪೆನ್ನಿಯ ಇಪ್ಪತ್ತನೆಯ ಒಂದು ಭಾಗದಂತೆ 1770 ವರ್ಷಕ್ಕೆ ಬಡ್ಡಿ ಬರೋಬ್ಬರಿ ಅಷ್ಟೇ ಬರುತ್ತದೆ. ಅಸಲಿನ ಒಂದು ಪೆನ್ನಿ ಅದರಲ್ಲಿ ಸೇರುವುದಿಲ್ಲ. ಮೊದಲ ಕರಡಿನಲ್ಲಿ ನಾನು ಇದನ್ನು ತಪ್ಪೆಂದು ಬಗೆದು ಎಂಬತ್ತೊಂಬತ್ತೂವರೆ ಎಂದು ತಿದ್ದಿದ್ದೆ. ಅನುವಾದಕನು ಮೂಲದ ಲೆಕ್ಕವನ್ನು ತಿದ್ದುವುದು ಕಡತದ ಹಳೆಯ ನಮೂದನ್ನು ಕೆರೆದು ಬರೆದಂತೆ ಎಂದು ಆಮೇಲೆ ತೋರಿ, ಮೂಲವನ್ನೇ ಉಳಿಸಿ ನನ್ನ ಲೆಕ್ಕವನ್ನು ಅಡಿಯಲ್ಲಿ ಕೊಟ್ಟೆ. ಚಕ್ರಬಡ್ಡಿಯ ಮೊತ್ತ ಪೆನ್ನಿಗಳಲ್ಲಿ 38 ಅಂಕಿಗಳ ಸಂಖ್ಯೆ. ಅದನ್ನು ಪೌಂಡಿಗೆ ತಿರುಗಿಸಿ, ಒಂದು ಪೌಂಡಿಗೆ ಸಿಗುತ್ತಿದ್ದ ಚಿನ್ನದ ತೂಕದಿಂದ ನೋಡಿದಾಗ ನನಗೆ ಬಂದದ್ದು ನಾಲ್ಕೂವರೆ ಕೋಟಿಗಿಂತ ತುಸು ಹೆಚ್ಚು ಭೂಗೋಳಗಳು. ಅವರ ಹದಿನೈದು ಕೋಟಿಗೆ ಇದು ಮೂರನೆಯ ಒಂದು ಭಾಗ. ಆದರೂ ಅವರು ಹೇಳಹೊರಟ ಮಾತಿಗೆ ಇದರಿಂದ ಕುಂದಿಲ್ಲ.

ಕುಂದು ಇರುವುದು ಬೇರೆಡೆ. ಅದನ್ನು ಕಂಡುಕೊಳ್ಳಲು ನಾನು ಎರಡು ಖಾತೆಗಳನ್ನು ಬರೆಯಬೇಕಾಯಿತು. ಮೊದಲನೆಯದರಲ್ಲಿ ಆರಂಭದ ಸಾಲ 1000 ರೂಪಾಯಿ, ಬಡ್ಡಿ ಶೇಕಡಾ 5. ತೆರಿಗೆಯಿಂದ ವರ್ಷಕ್ಕೆ 50 ರೂಪಾಯಿ ಬಡ್ಡಿಗೆ ಹೋಗುತ್ತದೆ, ಇನ್ನು 10 ರೂಪಾಯಿ ತೀರುವಳಿ ನಿಧಿಗೆ ಜಮೆಯಾಗುತ್ತದೆ. ನಿಧಿಯು ಆ ಹತ್ತು ರೂಪಾಯಿಗೆ ಸರ್ಕಾರದ್ದೇ ಸಾಲಪತ್ರ ಕೊಳ್ಳುತ್ತದೆ, ಅದನ್ನು ರದ್ದು ಮಾಡದೆ ಅದರ ಬಡ್ಡಿಯನ್ನೂ ತಾನೇ ಪಡೆಯುತ್ತದೆ. ಎರಡನೆಯ ವರ್ಷ ನಿಧಿಗೆ ಸಿಗುವುದು 10 ರೂಪಾಯಿ 50 ಪೈಸೆ, ಮೂರನೆಯ ವರ್ಷ 11 ರೂಪಾಯಿ ಮೂರು ಪೈಸೆಗೆ ಹತ್ತಿರ. ಹೀಗೆ ಪ್ರತಿ ಸಾಲನ್ನೂ ಕೈಯಲ್ಲಿಯೇ ಬರೆಯುತ್ತ ಹೋದೆ. 36ನೆಯ ವರ್ಷದ ಕೊನೆಗೆ ನಿಧಿಯ ಶಿಲ್ಕು 958 ರೂಪಾಯಿ, 37ನೆಯ ವರ್ಷದ ಕೊನೆಗೆ 1016. ಅಂದರೆ 37ನೆಯ ವರ್ಷ ಮುಗಿಯುವುದರೊಳಗೆ ಸಾಲ ಪೂರ್ತಿ ತೀರುತ್ತದೆ. ಇಲ್ಲಿಯವರೆಗೆ ಪ್ರೈಸ್ ಅವರದು ನಿಷ್ಕಳಂಕ ಲೆಕ್ಕ, ನಿಧಿಯನ್ನು ಯಾರೂ ಮುಟ್ಟಬಾರದೆಂಬ ಅವರ ಹಟಕ್ಕೂ ಇದೇ ಆಧಾರ.

ಆದರೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ರಾಜ್ಯವು ಹೊಸ ಸಾಲ ಎತ್ತುವಾಗ ಕೊಡುವುದು ಸರಳ ಬಡ್ಡಿ, ನಿಧಿಯಲ್ಲಿ ಬೆಳೆಯುವುದು ಚಕ್ರಬಡ್ಡಿ; ಆದ್ದರಿಂದ ಸಾಲ ಮಾಡಿಯಾದರೂ ನಿಧಿಯನ್ನು ನಡೆಸುವುದು ಲಾಭ ಎಂಬುದು ಅವರ ವಾದ. ಎರಡನೆಯ ಖಾತೆಯನ್ನು ನಾನು ಈ ವಾದಕ್ಕಾಗಿಯೇ ತೆರೆದೆ. ನಿಧಿಗೆ ಹಾಕುವ ಹತ್ತು ರೂಪಾಯಿಯನ್ನು ತೆರಿಗೆಯಿಂದಲ್ಲದೆ ಹೊಸ ಸಾಲದಿಂದ ತಂದೆ, ಆ ಸಾಲದ ಬಡ್ಡಿಯನ್ನೂ ಸಾಲದಿಂದಲೇ ಕಟ್ಟಿದೆ. 37ನೆಯ ವರ್ಷ ನಿಧಿಯಲ್ಲಿ 1016 ರೂಪಾಯಿ ಇತ್ತು, ಎದುರು ಪುಟದಲ್ಲಿ ಹೊಸ ಸಾಲವೂ 1016 ರೂಪಾಯಿಗೆ ಬೆಳೆದು ನಿಂತಿತ್ತು. ಹಳೆಯ ಸಾವಿರ ಇದ್ದಂತೆಯೇ ಇತ್ತು. ಮೊದಲ ಖಾತೆಯಲ್ಲಿ ಸಾಲವನ್ನು ತೀರಿಸಿದ್ದು ಜನರು ವರ್ಷವರ್ಷವೂ ಹೆಚ್ಚಿಗೆ ಕೊಟ್ಟ ತೆರಿಗೆಯ ಹತ್ತು ರೂಪಾಯಿಯೇ ಹೊರತು ಚಕ್ರಬಡ್ಡಿಯ ಯಾವ ಗುಪ್ತ ಶಕ್ತಿಯೂ ಅಲ್ಲ. ಪ್ರಧಾನಮಂತ್ರಿ ವಿಲಿಯಂ ಪಿಟ್ ಅವರು ಪ್ರೈಸ್ ಅವರ ಸಲಹೆ ಪಡೆದು 1786ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಪೌಂಡಿನ ನಿಧಿಯನ್ನು ಆರಂಭಿಸಿದರು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹತ್ತಿದ ಮೇಲೆ ನಡೆದದ್ದು ನನ್ನ ಎರಡನೆಯ ಖಾತೆಯಂಥದೇ ವ್ಯವಹಾರ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಹ್ಯಾಮಿಲ್ಟನ್ ಅವರು 1813ರಲ್ಲಿ ಇದನ್ನು ಬಿಡಿಸಿ ತೋರಿಸಿದರು, 1820ರ ದಶಕದ ಕೊನೆಗೆ ಆ ನಿಧಿಯೇ ನಿಂತುಹೋಯಿತು. ಅಷ್ಟು ಹೊತ್ತಿಗೆ ಪ್ರೈಸ್ ಬದುಕಿರಲಿಲ್ಲ, 1791ರಲ್ಲಿಯೇ ತೀರಿಕೊಂಡಿದ್ದರು.

ಧರ್ಮವೂ ಹಣಕಾಸೂ ಅವರ ಕೆಲಸದಲ್ಲಿ ಅತ್ಯಂತ ವಿಚಿತ್ರವಾಗಿ ಕೂಡುವ ಜಾಗ ನಾರ್ಥಾಂಪ್ಟನ್ ಮರಣ ಕೋಷ್ಟಕ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂದು ತೋರಿಸುವ ಪಟ್ಟಿ. ಒಂದು ಊರಿನ ಚರ್ಚಿನ ದಾಖಲೆಗಳಿಂದ, ದೀಕ್ಷಾಸ್ನಾನಗಳನ್ನು ಜನನಗಳೆಂದೂ ಸಮಾಧಿಗಳನ್ನು ಮರಣಗಳೆಂದೂ ಹಿಡಿದು ಅವರು ಅದನ್ನು ಕಟ್ಟಿದರು. ಆದರೆ ನಾರ್ಥಾಂಪ್ಟನ್ನಿನಲ್ಲಿ ಬ್ಯಾಪ್ಟಿಸ್ಟರು ಬಹಳ ಮಂದಿ ಇದ್ದರು. ಅವರು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವುದಿಲ್ಲ. ಹುಟ್ಟಿದ ಮಕ್ಕಳಲ್ಲಿ ಹಲವರು ಲೆಕ್ಕಕ್ಕೆ ಸಿಗದೆ ಹೋದದ್ದರಿಂದ, ಜನ ಇದ್ದದ್ದಕ್ಕಿಂತ ಬೇಗ ಸಾಯುತ್ತಾರೆಂದು ಕೋಷ್ಟಕ ತೋರಿಸಿತು. ಅದನ್ನು ನಂಬಿ ವಿಮೆ ಮಾರಿದ ಈಕ್ವಿಟೆಬಲ್ ಸೊಸೈಟಿಗೆ ದೊಡ್ಡ ಉಳಿತಾಯವಾಯಿತು; ಅದನ್ನೇ ನಂಬಿ 1808ರಿಂದ ಜೀವಮಾನದ ವರ್ಷಾಶನಗಳನ್ನು ಮಾರಿದ ಬ್ರಿಟಿಷ್ ಸರ್ಕಾರಕ್ಕೆ ನಷ್ಟವಾಯಿತು, ಏಕೆಂದರೆ ಕೊಂಡವರು ಕೋಷ್ಟಕ ಹೇಳಿದ್ದಕ್ಕಿಂತ ಹೆಚ್ಚು ಕಾಲ ಬದುಕಿದರು. ತಾವೇ ಆಂಗ್ಲಿಕನ್ ಸಭೆಗೆ ಸೇರದವರಾಗಿದ್ದೂ ತಮ್ಮಂತೆಯೇ ಹೊರಗಿದ್ದ ಇನ್ನೊಂದು ಪಂಗಡದ ಮಕ್ಕಳು ಪ್ರೈಸ್ ಅವರ ಎಣಿಕೆಯಿಂದ ಬಿಟ್ಟುಹೋದರು ಎಂಬುದನ್ನು ಬರೆಯುವಾಗ ನನಗೆ ನಿಜವಾಗಿ ಸಂಕಟವಾಯಿತು.

ಕರಡು ಓದಿದ ಸಭಾಪಾಲಕರು, ನನ್ನ ಎರಡು ಖಾತೆಗಳನ್ನು 1772ರ ಮನವಿಯ ಮುಂದೆಯೇ ಹಾಕಿದರೆ ಓದುಗರು ದಾರಿ ತಪ್ಪುವುದಿಲ್ಲ ಎಂದು ಸೂಚಿಸಿದರು. ನಾನು ಎರಡು ವಾರ ಯೋಚಿಸಿ, ಅವನ್ನು ಮನವಿಯ ನಂತರಕ್ಕೆ ಇಟ್ಟೆ. ಓದುಗರು ಮೊದಲು ಪ್ರೈಸ್ ಅವರ ಮಾತನ್ನು ಅವರದೇ ಬಿಸಿಯಲ್ಲಿ ಕೇಳಲಿ, ಆಮೇಲೆ ಪೆನ್ಸಿಲ್ ಹಿಡಿದು ತಾವೇ ಸಾಲುಗಳನ್ನು ಕೂಡಿಸಲಿ ಎಂದು ಪ್ರತಿ ಖಾತೆಯ ಪಕ್ಕದಲ್ಲಿ ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದೇನೆ.