ಚಕ್ಕುಲಿ ಕವರ್‌ನಲ್ಲಿ ಬೇಡ, ಡಬ್ಬಿಯಲ್ಲಿ ಕೊಡಿ

ನಮ್ಮಂಥ ದಿನಸಿ ಅಂಗಡಿಯವರು ‘ಪ್ಲಾಸ್ಟಿಕ್ ಕಮ್ಮಿ ಮಾಡಿ’ ಅಂದರೆ ಸಪ್ಲೈಯರ್ ‘ಆಗಲಿ ಸಾರ್’ ಅನ್ನುತ್ತಾರೆ. ಮುಂದಿನ ವಾರ ಮಾಲು ಅದೇ ಕವರ್‌ನಲ್ಲಿ ಬರುತ್ತದೆ. ಯಾವ ಮಾಲು, ಯಾವುದರಲ್ಲಿ, ಯಾವತ್ತಿನಿಂದ ಅನ್ನುವುದನ್ನು ಆರ್ಡರ್ ಕೊಡುವಾಗಲೇ ಹೇಳಬೇಕು. ಅದಕ್ಕೂ ಮೊದಲು ಒಂದು ವಾರ ಬಂದ ಕವರುಗಳನ್ನೆಲ್ಲ ಸಪ್ಲೈಯರ್‌ವಾರು ಬೇರೆ ಚೀಲಕ್ಕೆ ಹಾಕಿ ತೂಗಿ, ಯಾರಿಂದ ಎಷ್ಟು ಪ್ಲಾಸ್ಟಿಕ್ ಬರುತ್ತದೆ ಅಂತ ಗೊತ್ತಾಗುತ್ತದೆ. ದೊಡ್ಡ ಕಂಪನಿಯ ಸೇಲ್ಸ್‌ಮನ್ ಜೊತೆ ವಾದ ದಂಡ, ಪ್ಯಾಕಿಂಗ್ ಅವನ ಕೈಲಿಲ್ಲ. ಶ್ಯಾಂಪೂ, ಕಾಫಿಪುಡಿ ಸ್ಯಾಶೆ ಸರ ಕಮ್ಮಿ ಮಾಡಿ ದೊಡ್ಡ ಪ್ಯಾಕ್ ಬರೆಸಬಹುದು, ಅಷ್ಟೇ. ಮಾತು ನಡೆಯುವುದು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿಕೊಡುವವರ ಹತ್ತಿರ.

ಅವರಿಗೆ ಉಪದೇಶ ಬೇಡ, ಲೆಕ್ಕ ಬೇಕು. 2022ರ ಜುಲೈ 18ರಂದು 25 ಕಿಲೋವರೆಗಿನ ಪ್ಯಾಕ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಆ ತೆರಿಗೆ ತಪ್ಪಿಸಲು ಗಿರಣಿಗಳು 26 ಕಿಲೋ ಚೀಲ ಹೊಲಿಯತೊಡಗಿದವು. ಲಾಭ ಕಂಡರೆ ಪ್ಯಾಕಿಂಗ್ ತಾನೇ ಬದಲಾಗುತ್ತದೆ. ಸಣ್ಣ ತಯಾರಕರಿಗೆ ಕಾಸು ಸಿಗುವುದು ಎರಡು ಮೂರು ವಾರ ಕಳೆದ ಮೇಲೆ. ‘ಡಬ್ಬಿಯಲ್ಲಿ ತಂದರೆ ಕೈಗೆ ನಗದು, ಕವರ್‌ನಲ್ಲಿ ತಂದರೆ ಮೊದಲಿನ ಹಾಗೇ ಉದ್ರಿ’ ಎಂದರೆ ಬೇರೇನೂ ಹೇಳಬೇಕಾಗಿಲ್ಲ. ಕವರಿನ ಖರ್ಚು ಉಳಿಯುತ್ತದೆ, ಮುರುಕು ಕಮ್ಮಿ, ಅದನ್ನೂ ಸೇರಿಸಿ.

ನಾವು ಬಳಸುವುದು 20 ಲೀಟರಿನ ಅಗಲ ಬಾಯಿಯ ಸ್ಟೀಲ್ ಡಬ್ಬಿ. ಹಳೇ ಎಣ್ಣೆ ಟಿನ್ ಬೇಡ. ಬೆಸುಗೆಯಲ್ಲಿ ತುಕ್ಕು, ಒಳಗೆ ಕಮಟು ವಾಸನೆ. ಒಂದು ತಿಂಡಿಗೆ ಮೂರು ಡಬ್ಬಿ: ಅಂಗಡಿಯಲ್ಲೊಂದು, ತಯಾರಕರ ಮನೆಯಲ್ಲೊಂದು, ತೊಳೆದು ಒಣಗುತ್ತಿರುವುದೊಂದು. ಡಬ್ಬಿಗೂ ಮುಚ್ಚಳಕ್ಕೂ ಒಂದೇ ನಂಬರ್ ಪೇಂಟ್ ಮಾಡಿ, ಇಲ್ಲದಿದ್ದರೆ ಮುಚ್ಚಳ ಅದಲುಬದಲಾಗಿ ಗಾಳಿ ಆಡುತ್ತದೆ. ಮಾಲು ತೂಗುವಾಗ ಕಳೆಯಲು ಪಕ್ಕದಲ್ಲೇ ಖಾಲಿ ಡಬ್ಬಿಯ ತೂಕ ಬರೆಯಿರಿ. ಜಗಳವೆಲ್ಲ ಹುಟ್ಟುವುದು ಅಲ್ಲೇ. ತಯಾರಿಸಿದ ದಿನ, ತಯಾರಕರ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರುವ ಚೀಟಿ ಮುಚ್ಚಳಕ್ಕೆ ಅಂಟಿಸಿರಬೇಕು. ಹಳೇ ಮಾಲಿನ ಮೇಲೆ ಹೊಸದು ಸುರಿಯಬಾರದು. ತಳದ ಪುಡಿ ಯಾರ ಲೆಕ್ಕಕ್ಕೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.

ಕೆಡುವುದು ಮಳೆಗಾಲದಲ್ಲಿ. ಗಿರಾಕಿ ಬಂದಾಗಲೆಲ್ಲ ಮುಚ್ಚಳ ತೆಗೆದರೆ ಸಂಜೆಯೊಳಗೆ ಚಕ್ಕುಲಿ ಮೆತ್ತಗೆ. ಬೆಳಿಗ್ಗೆ ದಿನದ ವ್ಯಾಪಾರಕ್ಕೆ ಬೇಕಾದಷ್ಟನ್ನು ಗಾಜಿನ ಜಾಡಿಗೆ ತೆಗೆದು ಡಬ್ಬಿ ಮುಚ್ಚಿಬಿಡಬೇಕು. ತೊಳೆದ ಡಬ್ಬಿ ಬಿಸಿಲಿಲ್ಲದೆ ಪೂರ್ತಿ ಒಣಗದಿದ್ದರೆ ಒಲೆಯ ಪಕ್ಕ ಬೋರಲು ಹಾಕಿ. ತೇವ ಉಳಿದರೆ ತುಂಬಿದ ಮಾಲಿಗೆ ಬೂಷ್ಟು.

ಕವರ್ ಬಿಡಿ ಎಂದಾಗ ಕೆಲವರು ಹಳೇ ನ್ಯೂಸ್‌ಪೇಪರ್ ಹಾಸಿ ತರುತ್ತಾರೆ. ಅದು ಇನ್ನೂ ಕೆಟ್ಟದ್ದು, ಮುದ್ರಣದ ಶಾಯಿ ಎಣ್ಣೆ ತಿಂಡಿಗೆ ಹತ್ತುತ್ತದೆ, ವಾಪಸ್ ಕಳಿಸಿ. ‘ಕರಗುವ ಕವರ್’ ಎಂದು ತಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಕೇಳಿ. ಹಸಿರು ಬಣ್ಣ ನೋಡಿ ನಂಬಬೇಡಿ. ಖಾರದ ಪುಡಿ, ಸಾಂಬಾರ್ ಪುಡಿ, ಅಡುಗೆ ಎಣ್ಣೆಯನ್ನು ಈ ಪದ್ಧತಿಗೆ ತರಬೇಡಿ: 2011ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇವುಗಳನ್ನು ಪ್ಯಾಕ್ ಮಾಡಿಯೇ ಮಾರಬೇಕು.

ಖಾಲಿ ಡಬ್ಬಿ ಹೊರಲು ಟೆಂಪೊ ಡ್ರೈವರ್ ಮುಖ ಸಿಂಡರಿಸುತ್ತಾನೆ, ಡಬ್ಬಿಗಿಷ್ಟು ಅಂತ ಕೈಗೆ ಕೊಡಿ. ಅದೇ ಲೈನಿನ ಇನ್ನೆರಡು ಅಂಗಡಿಯವರನ್ನೂ ಒಪ್ಪಿಸಿದರೆ ಆ ಖರ್ಚೂ ಹಂಚಿಹೋಗುತ್ತದೆ.