ಗಿರಿಸಾಲಿನ ಎತ್ತರ ಅಳೆದ ಬಗೆ: ಎರಡು ಹಳೆಯ ಫೋನು, ಒಂದು ಟೊಪೊ ಶೀಟು (ಎತ್ತರದ ಗೆರೆಗಳಿರುವ ನಕ್ಷೆ)

ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿವರೆಗೆ ನೆತ್ತಿಯ ಮೇಲಿನ ಪ್ರತಿ ಗಂಡಿ (ದಿಣ್ಣೆಗಳ ನಡುವಿನ ತಗ್ಗು), ಪ್ರತಿ ದಿಣ್ಣೆಯ ಎತ್ತರವನ್ನು ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರಿನಲ್ಲೇ ತೆಗೆಯಬಹುದು ಅಂದಾಗ ಜೊತೆಯವರು ಯಾರೂ ಒಪ್ಪಿರಲಿಲ್ಲ. ಈಗ ಅವರೇ ವಿಧಾನ ಕೇಳುತ್ತಿದ್ದಾರೆ. ಮುಳ್ಳಯ್ಯನಗಿರಿಯ 1,930 ಮೀಟರ್ ಹಿಡಿದು ಲೆಕ್ಕ ಶುರುಮಾಡಿ ಬಾಬಾಬುಡನ್‌ಗಿರಿಯ 1,895ಕ್ಕೆ ಮುಟ್ಟಿಸಿದರೆ ವ್ಯತ್ಯಾಸ ನಾಲ್ಕೈದು ಮೀಟರ್ ದಾಟುವುದಿಲ್ಲ. ಇಪ್ಪತ್ತು ಸಾವಿರ ರೂಪಾಯಿ ಮೀರಿದ ಕೈ ಜಿಪಿಎಸ್‌ನಲ್ಲಿ ಇಷ್ಟು ನಿಖರವಾಗಿ ಬಂದಿರಲಿಲ್ಲ.

ಕಣಿವೆಯ ಶೋಲಾ ಕಾಡಿನ ಒಳಗೆ ಹೊಕ್ಕರೆ ಜಿಪಿಎಸ್ ಎತ್ತರ ಇಪ್ಪತ್ತು ಮೂವತ್ತು ಮೀಟರ್ ಹಿಂದೆಮುಂದೆ ಆಗುತ್ತದೆ. ಜೊತೆಗೆ ಕೆಲವು ಆ್ಯಪ್‌ಗಳು ಎತ್ತರವನ್ನು ಸಮುದ್ರಮಟ್ಟದಿಂದ ಕೊಡುವುದಿಲ್ಲ, ಉಪಗ್ರಹದ ಲೆಕ್ಕಕ್ಕೆ ಭೂಮಿಯ ಆಕಾರ ಅಂತ ಹಿಡಿದ ದೀರ್ಘಗೋಲದಿಂದ ಕೊಡುತ್ತವೆ. ನಮ್ಮ ಕಡೆ ಅದು 80–90 ಮೀಟರ್ ಕಡಿಮೆ. ಮುಳ್ಳಯ್ಯನಗಿರಿ 1,840 ಅಂತ ತೋರಿಸಿದರೆ ಯಂತ್ರ ಬದಲಿಸಬೇಡಿ, ಸೆಟ್ಟಿಂಗ್ ನೋಡಿ.

ಒಂದೇ ಬ್ಯಾರೋಮೀಟರ್ ನಂಬಿದರೂ ಕೆಲಸ ಕೆಡುತ್ತದೆ. ಗಾಳಿಯ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಮಿಲಿಬಾರ್ (ಒತ್ತಡದ ಅಳತೆ) ಇಳಿಯುತ್ತದೆ. ಗಿರಿಯ ಮೇಲೆ ಒಂದು ಮಿಲಿಬಾರ್ ಅಂದರೆ ಹತ್ತು ಹತ್ತೂವರೆ ಮೀಟರ್. ಕೂತಲ್ಲೇ ಕೂತಿದ್ದರೂ ಸಂಜೆಗೆ ಮೂವತ್ತು ಮೀಟರ್ ಹತ್ತಿದ ಲೆಕ್ಕ ಬರುತ್ತದೆ. ಮೋಡ ಕವಿದರೆ ಅದೂ ಇದೂ ಸೇರಿ ಇನ್ನೂ ಹೆಚ್ಚು.

ಅದಕ್ಕೇ ಎರಡನೇ ಫೋನು. ಅದು ಅತ್ತಿಗುಂಡಿ ಅನ್ನುವ ಊರಿನ ಮನೆಯೊಂದರ ಜಗುಲಿಯಲ್ಲಿ, ನೆರಳಲ್ಲಿ, ಪವರ್ ಬ್ಯಾಂಕಿಗೆ ಹಾಕಿಕೊಂಡು ನಿಮಿಷಕ್ಕೊಂದು ಒತ್ತಡ ಬರೆದುಕೊಳ್ಳುತ್ತಿರಬೇಕು. ಎರಡರ ಗಡಿಯಾರವೂ ಸರಿಹೊಂದಿರಲಿ. ಹೊರಡುವ ಮೊದಲು ಹತ್ತು ನಿಮಿಷ ಎರಡನ್ನೂ ಪಕ್ಕಪಕ್ಕ ಇಟ್ಟು ಸೆನ್ಸರ್ ವ್ಯತ್ಯಾಸ ಬರೆದಿಡಿ, ವಾಪಸು ಬಂದ ಮೇಲೆ ಮತ್ತೊಮ್ಮೆ. ಮೇಲಿನ ಓದಿನಿಂದ ಅದೇ ನಿಮಿಷದ ಕೆಳಗಿನ ಓದನ್ನು ಕಳೆದರೆ ದಿನದ ಏರಿಳಿತ ತಾನಾಗಿ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವಾಗ ಒತ್ತಡದ ಸೆನ್ಸರ್ ಇದೆಯೇ ಅಂತ ಅಂಗಡಿಯಲ್ಲೇ ನೋಡಿ. ಅಗ್ಗದ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡಕ್ಕೂ ಸೇರಿ ಏಳು ಸಾವಿರದ ಆಸುಪಾಸು ಆಯಿತು. ಜೀಪಿಗೆ ಸುರಿದದ್ದು ಅದಕ್ಕಿಂತ ಹೆಚ್ಚು.

ಅತಿ ದೊಡ್ಡ ಕಾಟ ನೆತ್ತಿಯ ಗಾಳಿ. ಗಂಡಿಯಲ್ಲಿ ಜೋರು ಗಾಳಿ ಬಡಿದರೆ ಒತ್ತಡ ಒಂದು ಮಿಲಿಬಾರ್‌ವರೆಗೂ ಸುಳ್ಳು ಹೇಳುತ್ತದೆ, ಅಂದರೆ ಹತ್ತು ಮೀಟರ್ ಹೋಯಿತು. ಬಂಡೆಯ ಹಿಂದೆ ಅಡಗಿದರೂ ಗಾಳಿಯ ಸೆಳೆತ ಬೇರೆಯೇ ತಪ್ಪು ಕೊಡುತ್ತದೆ. ನೆತ್ತಿಯಿಂದ ಸ್ವಲ್ಪ ಕೆಳಗೆ, ಹುಲ್ಲಿನ ಬುಡದಲ್ಲಿ ಮೂರು ನಿಮಿಷ ಇಟ್ಟು ಸರಾಸರಿ ತೆಗೆದು, ಉಳಿದ ನಾಲ್ಕೈದು ಮೀಟರನ್ನು ಹಗ್ಗದಲ್ಲಿ ಅಳೆದು ಕೂಡಿಸಿ. ಫೋನನ್ನು ಯಾವುದರಲ್ಲಿ ಸುತ್ತಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ಒಂದು ಇಡೀ ಚಳಿಗಾಲ ಹಿಡಿಯಿತು. ಗಟ್ಟಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲ ಮಾತ್ರ ಬೇಡ, ಒಳಗಿನ ಗಾಳಿ ಬಿಸಿಯಾಗಿ ಉಬ್ಬುತ್ತದೆ. ಒತ್ತಡವನ್ನು ಮೀಟರಿಗೆ ತಿರುಗಿಸುವ ಲೆಕ್ಕಕ್ಕೆ ಬೇಕಾದ ಗಾಳಿಯ ಉಷ್ಣತೆಯನ್ನೂ ನೆರಳಲ್ಲೇ ನೋಡಿ: ಮುನ್ನೂರು ಮೀಟರ್ ಅಂತರದಲ್ಲಿ ಹತ್ತು ಡಿಗ್ರಿ ತಪ್ಪಿದರೆ ಹತ್ತು ಮೀಟರ್ ತಪ್ಪುತ್ತದೆ.

ನೀರು ಕುದಿಸಿ ಎತ್ತರ ತೆಗೆಯುವ ಹಳೇ ಪದ್ಧತಿಯನ್ನೂ ನೋಡಿದ್ದಾಯಿತು. ಮೇಲೆ ನೀರು 93–94 ಡಿಗ್ರಿಯಲ್ಲೇ ಕುದಿಯುತ್ತದೆ. ಒಂದು ಡಿಗ್ರಿಗೆ ಸುಮಾರು 300 ಮೀಟರ್ ಆದ್ದರಿಂದ, ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿ ಓದಿದರೂ 30 ಮೀಟರ್ ಕೈಬಿಡುತ್ತದೆ. ಶಿಖರ ಯಾವುದು ಅನ್ನುವುದಕ್ಕೆ ಸಾಕು, ಗಂಡಿಗೆ ಸಾಲದು.

ಎತ್ತರ ಸಿಕ್ಕಮೇಲೆ ಗುರುತುಗಳ ಕೆಲಸ. ಕವಿಕಲ್ ಗಂಡಿಯಂಥ ರಸ್ತೆ ಬದಿಯ ಜಾಗಕ್ಕೆ ತಕರಾರಿಲ್ಲ. ಹೆಸರಿಲ್ಲದ ದಿಣ್ಣೆಗಳಿಗೆ ಬಯಲುಸೀಮೆ ಕಡೆಯವರು ಒಂದು ಹೇಳಿದರೆ ಜಾಗರ ಕಣಿವೆಯವರು ಇನ್ನೊಂದು ಹೇಳುತ್ತಾರೆ. ಎರಡನ್ನೂ ಬರೆದುಕೊಂಡು, ಅದರ ಬುಡದ ಹಳ್ಳ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ನೀರಿನ ದಾರಿ ಹೆಸರಿನಷ್ಟು ಗೊಂದಲ ಮಾಡುವುದಿಲ್ಲ. ಕುದುರೆಲಾಳದಂತೆ ಬಾಗಿದ ಈ ಗಿರಿಸಾಲಿನ ಒಳಮೈ ನೀರು ಭದ್ರೆಗೆ, ಪೂರ್ವದ ಹೊರಮೈ ನೀರು ಅಯ್ಯನಕೆರೆ ಕಡೆ ಇಳಿದು ವೇದಾವತಿಗೆ, ತೆಂಕಣ ಇಳಿಜಾರಿನದು ಯಗಚಿಗೆ. ಭದ್ರೆ, ವೇದಾವತಿ ಎರಡೂ ಮುಂದೆ ತುಂಗಭದ್ರೆಗೇ ಸೇರಿ ಕೃಷ್ಣೆಗೆ ಹೋಗುತ್ತವೆ. ಯಗಚಿ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಹಾಗಾಗಿ ಕೃಷ್ಣಾ–ಕಾವೇರಿ ನೀರು ಬೇರೆಯಾಗುವ ಗೆರೆ ಇದೇ ಸಾಲಿನಲ್ಲಿದೆ, ಅದನ್ನು ನಕ್ಷೆಯಲ್ಲಿ ಮೊದಲು ಎಳೆದರೆ ಅರ್ಧ ಗುರುತುಗಳು ತಾವೇ ಜಾಗಕ್ಕೆ ಬಂದು ಕೂರುತ್ತವೆ.

ಕೆಮ್ಮಣ್ಣುಗುಂಡಿ ಕಡೆಯ ತೋಳು ಇನ್ನೂ ಬಾಕಿ. ಅಲ್ಲಿಗೆ ಅತ್ತಿಗುಂಡಿಯ ಫೋನು ದೂರವಾಗುತ್ತದೆ, ಕೆಮ್ಮಣ್ಣುಗುಂಡಿಯಲ್ಲೇ ಮೂರನೆಯದು ಇಡಬೇಕು. ಅರಣ್ಯ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಮುಂಗಾರಿನ ನಾಲ್ಕು ತಿಂಗಳು ಬಿಟ್ಟುಬಿಡಿ, ಸೆನ್ಸರ್ ತೂತಿಗೆ ಒಂದು ಹನಿ ನೀರು ಕೂತರೂ ಆ ದಿನದ ಓದು ಪೂರ್ತಿ ದಂಡ.