ಕಿವಿಯಿಂದ ಕೋಡಿಂಗ್: ಕಣ್ಣು ಕಾಣದ ಮಕ್ಕಳೂ ಬಿ.ಎಡ್. ವಿದ್ಯಾರ್ಥಿಗಳೂ ಇರುವ ತರಗತಿ

ಶಾಲೆಯಲ್ಲಿ ಕೋಡಿಂಗ್ ಎಂದರೆ ಹೆಚ್ಚಾಗಿ ಸ್ಕ್ರ್ಯಾಚ್. ಬಣ್ಣದ ಬ್ಲಾಕುಗಳನ್ನು ಮೌಸ್ ಹಿಡಿದು ಎಳೆದು ಜೋಡಿಸಬೇಕು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅವನ್ನು ಸರಿಯಾಗಿ ಓದುವುದಿಲ್ಲ. ಕಣ್ಣು ಕಾಣದ ಮಗುವನ್ನು ಪಕ್ಕದಲ್ಲಿ ಕೂರಿಸಿ ‘ನೀನು ಕೇಳಿಸ್ಕೋ’ ಎಂದುಬಿಟ್ಟರೆ ಅದಕ್ಕೆ ಸಮನ್ವಯ ಶಿಕ್ಷಣ ಎನ್ನಲಾಗದು. ಹಾಗಾಗಿ ಕಿವಿಗೆ ಫಲಿತಾಂಶ ಸಿಗುವ ಪ್ರೋಗ್ರಾಮುಗಳನ್ನೇ ಆರಿಸಿಕೊಳ್ಳುತ್ತೇವೆ. ಎಲ್ಲರಿಗೂ ಅದೇ ಪಾಠ, ಅದೇ ಕೀಬೋರ್ಡ್.

ಮೊದಲು ಕಾರ್ಡುಗಳು, ಆಜ್ಞೆಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಿ ಕಲಿಯಲು. 10 × 6 ಸೆಂ.ಮೀ. ರಟ್ಟಿನ ಮೇಲೆ ‘ಮುಂದೆ ಹೋಗು’, ‘ಬಲಕ್ಕೆ ತಿರುಗು’, ‘ಮತ್ತೆ ಮಾಡು’ ಎಂದು ದಪ್ಪಕ್ಷರದಲ್ಲೂ ಬ್ರೈಲ್‌ನಲ್ಲೂ ಇರಬೇಕು. ಬ್ರೈಲ್ ಕಾಗದಕ್ಕೆ ನೀರಾದ ಗೋಂದು ಹಚ್ಚಿದರೆ ಚುಕ್ಕಿ ಕುಸಿಯುತ್ತದೆ. ಡಬಲ್ ಸೈಡ್ ಟೇಪ್ ಬಳಸಿ. ಪ್ರತಿ ಕಾರ್ಡಿನ ಮೇಲಿನ ಬಲ ಮೂಲೆಯನ್ನು ಓರೆಯಾಗಿ ಕತ್ತರಿಸಿಡಿ. ಕಾರ್ಡು ತಲೆಕೆಳಗಾಗಿದೆಯೇ ಎಂಬುದು ಬೆರಳಿಗೆ ತಕ್ಷಣ ತಿಳಿಯುತ್ತದೆ. ಹಲಗೆಗೆ ವೆಲ್ಕ್ರೋದ ಮೆತ್ತನೆ ಭಾಗ, ಕಾರ್ಡಿನ ಬೆನ್ನಿಗೆ ಒರಟು ಭಾಗ. ಅದಲುಬದಲಾದರೆ ಹಲಗೆ ಸವರುವ ಬೆರಳು ಉರಿಯುತ್ತದೆ.

ಕಂಪ್ಯೂಟರಿನಲ್ಲಿ ವಿಂಡೋಸ್, ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ನೋಟ್‌ಪ್ಯಾಡ್ ಸಾಕು. ಕೋಡ್ ಬರೆಯಲೆಂದು ಪೈಥಾನ್ ಜೊತೆಗೇ ಬರುವ ಐಡಲ್ ಬೇಡ, ಅದರ ಕಿಟಕಿಯನ್ನು ಎನ್‌ವಿಡಿಎ ಓದಲಾರದು. ಎರಡು ಸೆಟ್ಟಿಂಗ್ ಬದಲಿಸದೆ ಪಾಠ ಶುರು ಮಾಡಬೇಡಿ. ಒಂದು, ವಿರಾಮಚಿಹ್ನೆಗಳನ್ನು ಓದುವ ಮಟ್ಟ. ಮೂಲ ಸ್ಥಿತಿಯಲ್ಲಿ ಅದು ಕೋಲನ್, ಆವರಣ, ಉದ್ಧರಣ ಚಿಹ್ನೆಗಳನ್ನು ನುಂಗಿಬಿಡುತ್ತದೆ. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಪಿ ಒತ್ತುತ್ತಾ ‘ಆಲ್’ಗೆ ತನ್ನಿ. ಎರಡು, ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್‌ನಲ್ಲಿ ಸಾಲಿನ ಇಂಡೆಂಟ್, ಅಂದರೆ ಆರಂಭದಲ್ಲಿ ಬಿಟ್ಟ ಖಾಲಿ ಜಾಗ, ಹೇಳುವ ಆಯ್ಕೆ. ಪೈಥಾನಿಗೆ ಇಂಡೆಂಟೇ ವ್ಯಾಕರಣ. ಒಂದು ಹಂತಕ್ಕೆ ಒಂದು ಟ್ಯಾಬ್ ಎಂದು ನಿಯಮ ಮಾಡಿ. ನಾಲ್ಕು ಸ್ಪೇಸ್ ಶಿಷ್ಟ ಪದ್ಧತಿ ನಿಜ, ಆದರೆ ಎಣಿಸುವ ಕಷ್ಟ ಮಕ್ಕಳಿಗೇಕೆ? ಒಂದೇ ಹಂತದ ಸಾಲುಗಳಲ್ಲಿ ಟ್ಯಾಬು, ಸ್ಪೇಸು ಬೆರೆತರಂತೂ ದೋಷ ಖಚಿತ.

ಸೇವ್ ಮಾಡುವಾಗ ‘ಆಲ್ ಫೈಲ್ಸ್’ ಆರಿಸದಿದ್ದರೆ, ಪಿವೈ ಎಂದು ಮುಗಿಯಬೇಕಾದ ಹೆಸರಿನ ಬಾಲಕ್ಕೆ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ. ಫೈಲಿಗೆ ವಿನ್‌ಸೌಂಡ್ ಎಂದೇ ಹೆಸರಿಟ್ಟರೂ ಕೆಟ್ಟಿತು: ಪೈಥಾನ್ ಸದ್ದು ಹೊರಡಿಸುವ ಅದೇ ಹೆಸರಿನ ತನ್ನ ಮಾಡ್ಯೂಲ್ ಬಿಟ್ಟು ಮಗುವಿನ ಫೈಲನ್ನೇ ಎತ್ತಿಕೊಳ್ಳುತ್ತದೆ.

ಮೊದಲ ಪ್ರೋಗ್ರಾಮು ಸರಳೆ ವರಸೆಯ ಆರೋಹಣ, ಮಾಯಾಮಾಳವಗೌಳ ರಾಗದಲ್ಲಿ. ಷಡ್ಜವನ್ನು 240 ಹರ್ಟ್ಜ್ ಇಟ್ಟರೆ ಉಳಿದ ಸ್ವರಗಳೆಲ್ಲ ಪೂರ್ಣಾಂಕದಲ್ಲೇ ಬರುತ್ತವೆ: 256, 300, 320, 360, 384, 450, ಮೇಲಿನ ಸ 480. ಇವನ್ನು ಒಂದು ಲಿಸ್ಟಿನಲ್ಲಿಟ್ಟು, ಒಂದೊಂದನ್ನೇ ಎತ್ತಿಕೊಂಡು ಮತ್ತೆ ಮತ್ತೆ ನಡೆಯುವ ಫಾರ್ ಲೂಪಿನೊಳಗೆ ವಿನ್‌ಸೌಂಡ್‌ನ ಬೀಪ್‌ಗೆ ಸ್ವರವನ್ನೂ 400 ಮಿಲಿಸೆಕೆಂಡನ್ನೂ ಕೊಟ್ಟರಾಯಿತು. ಒಟ್ಟು ನಾಲ್ಕು ಸಾಲು. ಚುರುಕು ಮಕ್ಕಳು ರಿಷಭವನ್ನು ತಾವೇ ಲೆಕ್ಕ ಹಾಕಲು 240ನ್ನು 16ರಿಂದ ಗುಣಿಸಿ 15ರಿಂದ ಭಾಗಿಸಲು ಹೊರಡುತ್ತಾರೆ. ಭಾಗಾಕಾರದ ಉತ್ತರ 256.0 ಎಂದು ದಶಮಾಂಶವಾಗಿ ಬರುವುದರಿಂದ ಬೀಪ್ ಮುನಿಯುತ್ತದೆ. ಅದನ್ನು ಪೂರ್ಣಾಂಕವಾಗಿಸುವ ಇಂಟ್‌ನೊಳಗೆ ಸುತ್ತಬೇಕು. ಹೆಡ್‌ಫೋನು ವೈರಿನದೇ ಇರಲಿ. ಬ್ಲೂಟೂತ್‌ನಲ್ಲಿ ಮೊದಲ ಸ್ವರದ ತಲೆ ಹಾರಿಹೋಗುವುದುಂಟು. ದೋಷ ಬಂದರೆ ಸಂದೇಶದ ಕೊನೆಯ ಸಾಲನ್ನು ಮೊದಲು ಓದಿಸಿ. ನಂಬರ್ ಪ್ಯಾಡಿನ 7 ಹಿಂದಿನ ಸಾಲಿಗೆ, 9 ಮುಂದಿನ ಸಾಲಿಗೆ.

ಜೋಡಿಯಲ್ಲಿ ಕಣ್ಣು ಕಾಣುವ ಮಗು ಉತ್ಸಾಹದಲ್ಲಿ ಮೌಸ್ ಕಸಿದುಕೊಳ್ಳುತ್ತದೆ. ಬೈದು ಪ್ರಯೋಜನವಿಲ್ಲ, ಎಲ್ಲ ಮೌಸುಗಳನ್ನೂ ಕಿತ್ತಿಡಿ. ಹತ್ತು ನಿಮಿಷಕ್ಕೊಮ್ಮೆ ಕೀಬೋರ್ಡ್ ಕೈ ಬದಲಾಗಲಿ.

ಬಿ.ಎಡ್. ವಿದ್ಯಾರ್ಥಿಗಳಿಗೆ ಭಾಷಣ ಬೇಡ. ಎನ್‌ವಿಡಿಎಯ ಸ್ಕ್ರೀನ್ ಕರ್ಟನ್ ಹಾಕಿ ಪರದೆ ಕಪ್ಪಾಗಿಸಿ, ಅದೇ ನಾಲ್ಕು ಸಾಲು ಬರೆಯಲು ಹೇಳಿ. ಆಮೇಲೆ ಅವರ ಪಾಠಯೋಜನೆಯಿಂದ ‘ಇಲ್ಲಿ ನೋಡಿ’, ‘ಅಲ್ಲಿ ಕ್ಲಿಕ್ ಮಾಡಿ’ ತಾವಾಗಿ ಉದುರುತ್ತವೆ. ವೇಗದ ಮಾತು ಹಿಡಿಯಲಾಗದವರಿಗೆ ಕರ್ಟನ್ ತೆಗೆದು ಟೂಲ್ಸ್ ಮೆನುವಿನ ಸ್ಪೀಚ್ ವ್ಯೂವರ್ ತೆರೆದುಕೊಡಿ. ಎನ್‌ವಿಡಿಎ ಹೇಳಿದ್ದೆಲ್ಲ ಅಲ್ಲಿ ಅಕ್ಷರದಲ್ಲಿ ಕಾಣುತ್ತದೆ.

ಮುಂದಿನ ತರಗತಿಗೆ ಬಿ.ಎಡ್. ವಿದ್ಯಾರ್ಥಿಗಳೇ ಪ್ರೋಗ್ರಾಮಿನಲ್ಲಿ ಒಂದು ತಪ್ಪು ಹೂತಿಟ್ಟು ತರಬೇಕು. 256ರ ಜಾಗಕ್ಕೆ 270 ಹಾಕಿದರೆ ಪೈಥಾನ್ ಯಾವ ದೋಷವನ್ನೂ ಹೇಳುವುದಿಲ್ಲ, ರಾಗ ಮಾತ್ರ ಸರಸಾಂಗಿಯಾಗಿರುತ್ತದೆ. ಸಂಗೀತ ಕಲಿತ ಮಗು ಕಣ್ಣಿದ್ದವರಿಗಿಂತ ಮೊದಲೇ ಕೈ ಎತ್ತುತ್ತದೆ. ಆಗ 384ನ್ನೂ 405 ಮಾಡಿ, ಇದು ಯಾವ ರಾಗ ಎಂದು ಕೇಳಿ.